ನಲವತ್ತು ಬೆಣೆಗಳು, ಹನ್ನೆರಡು ಮಿನಿಟ್

ಪುಣೆಯ ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಕೆಲಸಕ್ಕೆ ಸೇರಿ ಆಗ ಎರಡು ವರ್ಷ ಆಗಿತ್ತು. ಒಂದು ಚಿಕ್ಕ ಟೂಲ್‌ರೂಮಿನಲ್ಲಿ ಕ್ವಾಲಿಟಿ ನೋಡುತ್ತಿದ್ದೆ. ಮೋಲ್ಡಿಗೆ ಹಾಕುವ ಸ್ಟೀಲಿನ ಬೆಣೆಗಳು, ಒಟ್ಟು ನಲವತ್ತು, ಮಷೀನಿನಿಂದ ಇಳಿದು ನನ್ನ ಟೇಬಲ್ಲಿಗೆ ಬಂದವು. ಕೋನ ಅಳೆಯುವ ಡಿಜಿಟಲ್ ಬೆವೆಲ್ ಪ್ರೊಟ್ರಾಕ್ಟರ್ ತಗೊಂಡು ಒಂದೊಂದನ್ನೇ ಅಳೆದೆ. 7.30. 7.30. 7.31. 7.30. 7.29. ನಲವತ್ತಕ್ಕೆ ನಲವತ್ತೂ ಹೀಗೇ. ಡ್ರಾಯಿಂಗ್ ನೋಡಿದೆ, 7°30′ ಅಂತ ಇತ್ತು. ರಿಪೋರ್ಟಿಗೆ ಸಹಿ ಹಾಕಿದೆ. ಇಷ್ಟು ಚೆನ್ನಾಗಿ ಬಂದ ಲಾಟು ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

ನಾಲ್ಕನೇ ದಿನ ನಲವತ್ತೂ ವಾಪಸ್ ಬಂದವು.

ಏನಾಗಿತ್ತು ಅಂತ ಕೆಲವರಿಗೆ ಈಗಾಗಲೇ ಗೊತ್ತಾಗಿರಬಹುದು. ಡ್ರಾಯಿಂಗಿನಲ್ಲಿ ಇದ್ದದ್ದು ಏಳು ಡಿಗ್ರಿ ಮೂವತ್ತು ಮಿನಿಟ್. ಒಂದು ಡಿಗ್ರಿಗೆ ಅರವತ್ತು ಮಿನಿಟ್, ಹಾಗಾಗಿ ಮೂವತ್ತು ಮಿನಿಟ್ ಅಂದರೆ ಅರ್ಧ ಡಿಗ್ರಿ. ದಶಮಾಂಶದಲ್ಲಿ ಬರೆದರೆ ಅದು 7.50. ಪ್ರೋಗ್ರಾಂ ಮಾಡಿದ ಹುಡುಗ 7.30 ಅಂತ ಹಾಕಿದ್ದ. ನಾನು ಅಳೆದಾಗ ಡಿಸ್‌ಪ್ಲೇಯಲ್ಲಿ 7.30 ಬಂತು, ಡ್ರಾಯಿಂಗಿನಲ್ಲೂ ಏಳು, ಮೂವತ್ತು ಕಂಡಿತು. ಕಣ್ಣಿಗೆ ಎರಡೂ ಒಂದೇ. 7.30 ಡಿಗ್ರಿಯನ್ನು ಮಿನಿಟಿಗೆ ತಿರುಗಿಸಿದರೆ 7°18′. ಹನ್ನೆರಡು ಮಿನಿಟ್ ಕಡಿಮೆ. ಬಿಟ್ಟ ಟಾಲರೆನ್ಸು, ಅಂದರೆ ಒಪ್ಪಿಕೊಳ್ಳುವ ಹೆಚ್ಚು ಕಡಿಮೆ, ಮೂರು ಮಿನಿಟ್.

ನಮ್ಮ ಟೂಲ್‌ರೂಮಿನಲ್ಲಿ ಇಂಡಿ ಕಡೆಯ ಹಿರಿಯರೊಬ್ಬರು ಇದ್ದರು. ಮರಾಠಿಯವರೂ ಕನ್ನಡದವರೂ ಎಲ್ಲರೂ ಅವರನ್ನು ಕಾಕಾ ಅಂತಲೇ ಕರೆಯುತ್ತಿದ್ದರು. ನಾನು ರಿಪೋರ್ಟ್ ಹಿಡಿದುಕೊಂಡು ಅವರ ಹತ್ತಿರ ಹೋಗಿ, "ಕಾಕಾ, ನೋಡ್ರಿ, ಎಲ್ಲಾ ಒಂದೇ ಥರ ಬಂದಾವು, ತಪ್ಪು ಹೆಂಗ ಆಗತದ?" ಅಂದೆ. ಅವರು ಕಾಗದ ಕೈಗೆ ತಗೊಳ್ಳಲೂ ಇಲ್ಲ. "ಎಲ್ಲಾ ಒಂದ ಥರ ಬಂದಾವು ಅಂದ್ರ ಎಲ್ಲಾ ಸರಿ ಅದಾವು ಅಂತ ಹೆಂಗ ಅಂತೀ, ತಮ್ಮಾ?" ಅಂದರು.

ಅಳತೆಯ ವಿಷಯದಲ್ಲಿ ಜನ ಅತಿ ಹೆಚ್ಚು ಗಲಿಬಿಲಿ ಮಾಡಿಕೊಳ್ಳುವ ಜಾಗ ಇದೇ. ಇಂಗ್ಲಿಷಿನವರು ಇಲ್ಲಿ ಎರಡು ಪದ ಇಟ್ಟುಕೊಂಡಿದ್ದಾರೆ: ಆಕ್ಯುರಸಿ, ಪ್ರಿಸಿಷನ್. ಕನ್ನಡದಲ್ಲಿ ನಾವು ಎರಡಕ್ಕೂ "ನಿಖರ" ಅಂದುಬಿಡುತ್ತೇವೆ, ಇಲ್ಲವೇ "ಕರಾರುವಾಕ್ಕು" ಅನ್ನುತ್ತೇವೆ. ಪುಣೆಯಲ್ಲಿ ಸುತ್ತಮುತ್ತ ಕೇಳುವ ಮರಾಠಿಯ "ಅಚೂಕ್" ಕೂಡ ಮಾತಿನಲ್ಲಿ ಎರಡು ಕಡೆಯೂ ಓಡಾಡುತ್ತದೆ. ನಾನು ಹೊಸ ಹುಡುಗರಿಗೆ ಹೇಳುವಾಗ ಎರಡು ಸಾದಾ ಮಾತು ಬಳಸುತ್ತೇನೆ. ಸರಿ ಬರುವುದು ಆಕ್ಯುರಸಿ. ಒಂದೇ ಸಮ ಬರುವುದು ಪ್ರಿಸಿಷನ್. ಮೊದಲನೆಯದರಲ್ಲಿ ನಿಮ್ಮ ಅಳತೆ ನಿಜವಾದ ಬೆಲೆಗೆ ಎಷ್ಟು ಹತ್ತಿರ ಅಂತ ನೋಡುತ್ತೇವೆ. ಎರಡನೆಯದರಲ್ಲಿ ನಿಮ್ಮ ಅಳತೆಗಳು ತಮ್ಮ ತಮ್ಮಲ್ಲೇ ಎಷ್ಟು ಹತ್ತಿರ ಅಂತ ನೋಡುತ್ತೇವೆ. ನನ್ನ ನಲವತ್ತು ಬೆಣೆಗಳಲ್ಲಿ ಎರಡನೆಯದು ಪೂರ್ತಿ ಇತ್ತು, ಮೊದಲನೆಯದು ಇರಲೇ ಇಲ್ಲ.

ಮನೆಯ ಉದಾಹರಣೆ ಹೇಳುತ್ತೇನೆ. ಚಿಂಚವಾಡದಲ್ಲಿ ನಾನು ಮೊದಲು ಬಾಡಿಗೆಗಿದ್ದ ಮನೆಯ ಅಜ್ಜಿ, ಲೋನಾವಳಾ ಲೋಕಲ್ ತಪ್ಪಬಾರದು ಅಂತ ಅಡುಗೆಮನೆ ಗಡಿಯಾರವನ್ನು ಹತ್ತು ನಿಮಿಷ ಮುಂದೆ ಇಟ್ಟಿದ್ದರು. ಆ ಗಡಿಯಾರ ಯಾವತ್ತೂ ಸರಿಯಾದ ಸಮಯ ತೋರಿಸುತ್ತಿರಲಿಲ್ಲ. ಆದರೆ ಮನೆಯವರೆಲ್ಲರಿಗೂ ಹತ್ತು ಕಳೆಯಬೇಕು ಅಂತ ಗೊತ್ತಿತ್ತು, ಯಾರಿಗೂ ತೊಂದರೆ ಆಗಲಿಲ್ಲ. ಅದೇ ಗಡಿಯಾರ ಒಂದು ದಿನ ಐದು ನಿಮಿಷ ಮುಂದೆ, ಇನ್ನೊಂದು ದಿನ ಎಂಟು ನಿಮಿಷ ಹಿಂದೆ ಓಡಿದ್ದರೆ? ತಿಂಗಳ ಸರಾಸರಿ ತೆಗೆದರೆ ಅದು ಸರಿಯಾದ ಸಮಯಕ್ಕೆ ಹತ್ತಿರವೇ ಇರಬಹುದು. ಆದರೆ ಅದನ್ನು ನಂಬಿ ಸ್ಟೇಷನ್ನಿಗೆ ಹೊರಡಲು ಆಗುತ್ತಿರಲಿಲ್ಲ. ಗೊತ್ತಿರುವ ತಪ್ಪನ್ನು ಕಳೆದುಬಿಡಬಹುದು. ಚೆಲ್ಲಾಪಿಲ್ಲಿ ತಪ್ಪನ್ನು ಕಳೆಯಲು ಆಗುವುದಿಲ್ಲ, ಹತ್ತಾರು ಸಲ ಅಳೆದು ಸರಾಸರಿ ತೆಗೆದು ಸ್ವಲ್ಪ ಕಡಿಮೆ ಮಾಡಬಹುದು ಅಷ್ಟೇ.

ಆದರೆ ಗೊತ್ತಿರುವ ತಪ್ಪು ಅಂದೆನಲ್ಲ, ತೊಡಕು ಇರುವುದು ಅಲ್ಲೇ. ಅಜ್ಜಿಗೆ ಗೊತ್ತಿತ್ತು. ನನಗೆ ಗೊತ್ತಿರಲಿಲ್ಲ. ನಲವತ್ತರ ಬದಲು ನಾನೂರು ಸಲ ಅಳೆದಿದ್ದರೂ ಅದೇ 7.30 ಬರುತ್ತಿತ್ತು. ಒಂದೇ ಸಮ ಇರುವ ತಪ್ಪು ತನ್ನನ್ನು ತಾನು ತೋರಿಸಿಕೊಳ್ಳುವುದಿಲ್ಲ, ಅದನ್ನು ಹಿಡಿಯಲು ಹೊರಗಿನ ಒಂದು ಸಾಕ್ಷಿ ಬೇಕು. ಕೋನದ ವಿಷಯದಲ್ಲಿ ಆ ಸಾಕ್ಷಿ ಎಲ್ಲಿಂದ ಬರುತ್ತದೆ ಅನ್ನುವುದು ಬಹಳ ಚಂದದ ಸಂಗತಿ. ಅದಕ್ಕೆ ಮೊದಲು ಈ ಮಿನಿಟುಗಳ ತಂಟೆ ಎಲ್ಲಿಂದ ಬಂತು ನೋಡೋಣ.

ಸುತ್ತನ್ನು 360 ಭಾಗ ಮಾಡುವ ಪದ್ಧತಿ ಬ್ಯಾಬಿಲೋನಿನ ಅರವತ್ತರ ಲೆಕ್ಕದಿಂದ ಬೆಳೆದು ಬಂದದ್ದು. 360 ಕೆಲಸಕ್ಕೆ ಬಹಳ ಒಗ್ಗುವ ಸಂಖ್ಯೆ. ಅದನ್ನು ಶೇಷ ಉಳಿಯದೆ ಭಾಗಿಸುವ ಸಂಖ್ಯೆಗಳು 24 ಇವೆ. ಮೂರು ಪಾಲು, ಐದು ಪಾಲು, ಎಂಟು ಪಾಲು, ಹನ್ನೆರಡು ಪಾಲು, ಹೇಗೆ ಬೇಕಾದರೂ ಹಂಚಿ. ಡಿಗ್ರಿಯನ್ನು ಅರವತ್ತು ಮಾಡಿದರೆ ಮಿನಿಟ್, ಮಿನಿಟನ್ನು ಅರವತ್ತು ಮಾಡಿದರೆ ಸೆಕೆಂಡ್. ಇದು ನಮಗೆ ಹೊಸದೇನೂ ಅಲ್ಲ. ಮನೆಯಲ್ಲಿ ಪಂಚಾಂಗ ಇದ್ದರೆ ತೆಗೆದು ನೋಡಿ: ರಾಶಿಗೆ 30 ಅಂಶ, ಅಂಶಕ್ಕೆ 60 ಕಲೆ, ಕಲೆಗೆ 60 ವಿಕಲೆ. ಅಂಶವೇ ಡಿಗ್ರಿ, ಕಲೆಯೇ ಮಿನಿಟ್, ವಿಕಲೆಯೇ ಸೆಕೆಂಡ್.

ಗಡಿಯಾರದ ನಿಮಿಷಕ್ಕೂ ಕೋನದ ಮಿನಿಟಿಗೂ ಇಂಗ್ಲಿಷಿನಲ್ಲಿ ಹೆಸರು ಒಂದೇ, ಅಳತೆ ಬೇರೆ. ಅದಕ್ಕೇ ನಾನು ಈ ಬರಹದಲ್ಲಿ ಕೋನಕ್ಕೆ ಮಿನಿಟ್, ಗಡಿಯಾರಕ್ಕೆ ನಿಮಿಷ ಅಂತ ಬರೆಯುತ್ತಿದ್ದೇನೆ. ಭೂಮಿ ಗಂಟೆಗೆ 15 ಡಿಗ್ರಿ ತಿರುಗುತ್ತದೆ, ಅಂದರೆ ಒಂದು ಡಿಗ್ರಿಗೆ ನಾಲ್ಕು ನಿಮಿಷ. ಭಾರತದ ಸಮಯ 82.5 ಡಿಗ್ರಿ ರೇಖಾಂಶದ್ದು, ಪುಣೆ ಇರುವುದು ಸುಮಾರು 73.86ರಲ್ಲಿ. ನಡುವಿನ 8.64 ಡಿಗ್ರಿಯನ್ನು ನಾಲ್ಕರಿಂದ ಗುಣಿಸಿದರೆ ಸುಮಾರು 35 ನಿಮಿಷ. ಹಾಗಾಗಿ ಪುಣೆಯಲ್ಲಿ ಸೂರ್ಯ ನೆತ್ತಿಗೆ ಬರುವುದು, ವರ್ಷದ ಸರಾಸರಿ ತಗೊಂಡರೆ, 12.35ರ ಹೊತ್ತಿಗೆ.

ನಾನು ಮಾಡಿದ ತಪ್ಪು ನಕ್ಷೆಯ ಮೇಲೆ ಆದರೆ ಎಷ್ಟು ದೊಡ್ಡದಾಗುತ್ತದೆ ಗೊತ್ತಾ? ಪುಣೆಯ ಅಕ್ಷಾಂಶ 18.52 ಡಿಗ್ರಿ. ಅದನ್ನು ಯಾರಾದರೂ 18°52′ ಅಂತ ಓದಿಕೊಂಡರೆ ಸುಮಾರು 21 ಮಿನಿಟ್ ಉತ್ತರಕ್ಕೆ ಜಾರುತ್ತಾರೆ. ಅಕ್ಷಾಂಶದ ಒಂದು ಮಿನಿಟ್ ನೆಲದ ಮೇಲೆ ಸುಮಾರು 1.85 ಕಿಲೋಮೀಟರ್. ಹಡಗಿನವರ ನಾಟಿಕಲ್ ಮೈಲಿ ಅನ್ನುವುದು ಹುಟ್ಟಿದ್ದೇ ಇದರಿಂದ, ಅದು 1852 ಮೀಟರ್. ಅಂದರೆ ಶನಿವಾರವಾಡೆ ಅಂತ ಹೊರಟವರು 38 ಕಿಲೋಮೀಟರ್ ಆಚೆ, ನಾಶಿಕ್ ರಸ್ತೆಯ ರಾಜಗುರುನಗರದ ಹತ್ತಿರ ಇಳಿಯುತ್ತಾರೆ. ಬರೆದ ಅಂಕೆಗಳು ಅವೇ. ನಡುವೆ ಇದ್ದ ಚುಕ್ಕೆಯನ್ನು ಬೇರೆ ಥರ ಓದಿದರು ಅಷ್ಟೇ.

ಇನ್ನು ರೇಡಿಯನ್. ಕಾಲೇಜಿನಲ್ಲಿ ಇದನ್ನು ಸೂತ್ರವಾಗಿ ಬಾಯಿಪಾಠ ಮಾಡಿಸಿದ್ದರು, ಕೈಗೆ ಸಿಕ್ಕಿದ್ದು ಆಮೇಲೆ. ದುಂಡಗೆ ಬಡಿದ ಒಂದು ಜೋಳದ ರೊಟ್ಟಿ ತಗೊಳ್ಳಿ. ನಡುವಿನಿಂದ ಅಂಚಿನವರೆಗೆ ಒಂದು ದಾರ ಹಿಡಿದು ಅಷ್ಟಕ್ಕೇ ಕತ್ತರಿಸಿ. ಆ ದಾರವನ್ನು ರೊಟ್ಟಿಯ ಅಂಚಿನ ಮೇಲೆ ಬಾಗಿಸಿ ಇಡಿ. ದಾರದ ಎರಡು ತುದಿಯಿಂದ ನಡುವಿಗೆ ಗೆರೆ ಎಳೆದರೆ ಸಿಗುವ ತುಂಡಿನ ಕೋನವೇ ಒಂದು ರೇಡಿಯನ್. ರೊಟ್ಟಿ ಚಿಕ್ಕದಿರಲಿ, ದೊಡ್ಡದಿರಲಿ, ಕೋನ ಅದೇ: 57.3 ಡಿಗ್ರಿ. ಅಂಚಿನ ಸುತ್ತ ಆ ದಾರ ಆರು ಸಲ ಹಿಡಿದು ಇನ್ನೂ ಚೂರು ಜಾಗ ಉಳಿಯುತ್ತದೆ. ಲೆಕ್ಕಕ್ಕೆ 6.283 ಸಲ, ಅಂದರೆ ಎರಡು ಪೈ.

360 ಮನುಷ್ಯ ಆರಿಸಿಕೊಂಡ ಸಂಖ್ಯೆ. ರೇಡಿಯನ್ನನ್ನು ಯಾರೂ ಆರಿಸಲಿಲ್ಲ, ಅದು ವೃತ್ತದ ಒಳಗೇ ಇತ್ತು. ಆರ್ಯಭಟ 499ರ ಹೊತ್ತಿಗೆ ಕೊಟ್ಟ ಜ್ಯಾ (ಇವತ್ತಿನ ಸೈನ್) ಕೋಷ್ಟಕದಲ್ಲಿ ವೃತ್ತದ ತ್ರಿಜ್ಯವನ್ನು 3438 ಅಂತ ಇಟ್ಟಿದ್ದಾನೆ. ಇದೆಂಥ ವಿಚಿತ್ರ ಸಂಖ್ಯೆ ಅನ್ನಿಸುತ್ತದೆ, ಅಲ್ವಾ? ಸುತ್ತಿನಲ್ಲಿ 21,600 ಕಲೆಗಳು. ಅದನ್ನು ಎರಡು ಪೈನಿಂದ ಭಾಗಿಸಿದರೆ 3437.75. ಅಂದರೆ ಅವನು ಅಂಚನ್ನೂ ತ್ರಿಜ್ಯವನ್ನೂ ಒಂದೇ ಅಳತೆಯಲ್ಲಿ ಅಳೆಯುತ್ತಿದ್ದ. ಒಂದು ರೇಡಿಯನ್ನಿನಲ್ಲಿ ಎಷ್ಟು ಮಿನಿಟ್ ಅಂತ ಕೇಳಿದರೆ ಬರುವ ಉತ್ತರವೂ ಅದೇ 3438. ಇದು ಗೊತ್ತಾದ ದಿನ ನನಗೆ ಆದ ಖುಷಿ ಈಗಲೂ ನೆನಪಿದೆ.

ಕೆಲಸದ ಜಾಗದಲ್ಲಿ ರೇಡಿಯನ್ನಿನ ಉಪಯೋಗ ಇಷ್ಟು: ಕೋನ ಚಿಕ್ಕದಿದ್ದರೆ, ಕೋನವನ್ನು ಉದ್ದದಿಂದ ಗುಣಿಸಿದರೆ ಎತ್ತರ ಸಿಗುತ್ತದೆ. ರೇಡಿಯನ್ನಿನ ಸಾವಿರದ ಒಂದು ಪಾಲು ಅಂದರೆ ಮೀಟರಿಗೆ ಒಂದು ಮಿಲಿಮೀಟರ್ ಏರು. ಒಂದು ಸೆಕೆಂಡ್ ಅಂದರೆ ಮೀಟರಿಗೆ ಸುಮಾರು 5 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಪಾಲೇ ಒಂದು ಮೈಕ್ರಾನ್). ಮಷೀನ್ ಕೂರಿಸುವಾಗ ಇಡುವ ಒಳ್ಳೆಯ ರಸಮಟ್ಟದ ಮೇಲೆ ಮೀಟರಿಗೆ 0.02 ಮಿಮೀ ಅಂತ ಬರೆದಿರುತ್ತದೆ. ಅದರ ಒಂದು ಗೆರೆ ಅಂದರೆ ನಾಲ್ಕು ಸೆಕೆಂಡ್ ಓರೆ.

ಫ್ರೆಂಚರು ಕ್ರಾಂತಿಯ ಕಾಲದಲ್ಲಿ ಲಂಬಕೋನವನ್ನೇ ನೂರು ಭಾಗ ಮಾಡಿದರು. ಸುತ್ತಿಗೆ 400, ಹೆಸರು ಗ್ರೇಡ್. ಸೇನೆಯವರದ್ದು ಮಿಲ್, ನೇಟೋ ಲೆಕ್ಕದಲ್ಲಿ ಸುತ್ತಿಗೆ 6400. ನಮಗೆ ಇವು ದಿನವೂ ಬೇಕಾಗುವುದಿಲ್ಲ. ಆದರೆ ಸೈಂಟಿಫಿಕ್ ಕ್ಯಾಲ್ಕುಲೇಟರಿನಲ್ಲಿ ಗ್ರೇಡ್ ಇನ್ನೂ ಕೂತಿದೆ, ಡಿಗ್ರಿ ಮತ್ತು ರೇಡಿಯನ್ನಿನ ಪಕ್ಕದಲ್ಲೇ. ಸೈನ್ 30 ಒತ್ತಿ ನೋಡಿ. ಡಿಗ್ರಿಯಲ್ಲಿದ್ದರೆ 0.5. ಗ್ರೇಡಿನಲ್ಲಿದ್ದರೆ 0.454. ರೇಡಿಯನ್ನಿನಲ್ಲಿದ್ದರೆ ಮೈನಸ್ 0.988. ಮೂರನೆಯದು ಮೈನಸ್ ಆದ್ದರಿಂದ ತಕ್ಷಣ ಅನುಮಾನ ಬರುತ್ತದೆ. ಎರಡನೆಯದು ಅಪಾಯ, ಯಾಕಂದರೆ ಅದು ನಂಬುವ ಹಾಗೆ ಇರುತ್ತದೆ. ಎಕ್ಸೆಲ್ ಕೂಡ ಕೋನವನ್ನು ರೇಡಿಯನ್ ಅಂತಲೇ ತಿಳಿದುಕೊಳ್ಳುತ್ತದೆ, ಡಿಗ್ರಿ ಕೊಟ್ಟರೆ ಮೊದಲು ತಿರುಗಿಸಿಕೊಡಬೇಕು. ಕೆಲಸ ಶುರು ಮಾಡುವ ಮೊದಲು ನಾನು ಪ್ರತಿಸಲ ಸೈನ್ 30 ಒತ್ತುತ್ತೇನೆ. 0.5 ಬಂದ ಮೇಲೆಯೇ ಮುಂದಿನ ಲೆಕ್ಕ.

ಈಗ ಸಾಕ್ಷಿಯ ವಿಷಯ. ಉದ್ದ ಅಳೆಯಲು ಯಾರೋ ಒಬ್ಬರು ಒಂದು ಮೀಟರ್ ಅಂದರೆ ಇಷ್ಟು ಅಂತ ಹೇಳಿರಬೇಕು. ನಮ್ಮ ಸ್ಕೇಲು, ಅದಕ್ಕಿಂತ ಒಳ್ಳೆಯ ಸ್ಕೇಲು, ಅದಕ್ಕಿಂತ ಒಳ್ಳೆಯದು, ಹೀಗೆ ಸರಪಳಿ ಹಿಡಿದು ಹೋದರೆ ದೆಹಲಿಯ ರಾಷ್ಟ್ರೀಯ ಭೌತಿಕ ಪ್ರಯೋಗಾಲಯಕ್ಕೆ ಮುಟ್ಟುತ್ತೇವೆ. ಕೋನದ ಸಾಧನಗಳಿಗೂ ಈ ಕ್ಯಾಲಿಬ್ರೇಷನ್ ಬೇಕೇ ಬೇಕು. ಆದರೆ ಕೋನಕ್ಕೆ ಇನ್ನೊಂದು ಭಾಗ್ಯ ಇದೆ. ಪೂರ್ತಿ ಒಂದು ಸುತ್ತು ಹಾಕಿದರೆ 360 ಆಗಲೇಬೇಕು. ಒಂದು ಸೆಕೆಂಡೂ ಹೆಚ್ಚಿಲ್ಲ, ಕಡಿಮೆ ಇಲ್ಲ. ಇದನ್ನು ಯಾವ ಲ್ಯಾಬೂ ಹೇಳಿಕೊಡಬೇಕಿಲ್ಲ.

ಇದರಿಂದ ಏನು ಮಾಡಬಹುದು ನೋಡಿ. ನಾಲ್ಕು ಮೂಲೆಯ ಒಂದು ಸ್ಟೀಲಿನ ಬ್ಲಾಕ್ ಇದೆ. ಒಂದು ಅಳೆಯುವ ಸಾಧನ ಇದೆ, ಅದರ ಸೊನ್ನೆ ಸರಿ ಇದೆಯೋ ಇಲ್ಲವೋ ಗೊತ್ತಿಲ್ಲ. ನಾಲ್ಕೂ ಮೂಲೆ ಅಳೆದಿರಿ. 90 ಡಿಗ್ರಿಗಿಂತ ಎಷ್ಟು ಹೆಚ್ಚು ಕಡಿಮೆ ಅಂತ ಬಂದದ್ದು: ಹೆಚ್ಚು 4 ಸೆಕೆಂಡ್, ಕಡಿಮೆ 2, ಹೆಚ್ಚು 6, ಸೊನ್ನೆ. ಕೂಡಿದರೆ 8 ಹೆಚ್ಚು. ಆದರೆ ನಾಲ್ಕು ಮೂಲೆ ಸೇರಿ 360 ಆಗಬೇಕಿತ್ತು, ಮೊತ್ತ ಸೊನ್ನೆ ಬರಬೇಕಿತ್ತು. ಹಾಗಾದರೆ ಆ 8 ಎಲ್ಲಿಂದ ಬಂತು? ಸಾಧನದಿಂದ. ನಾಲ್ಕು ಸಲ ಅಳೆದಿದ್ದೀರಿ, ಪ್ರತಿಸಲ 2 ಸೆಕೆಂಡ್ ಹೆಚ್ಚು ತೋರಿಸಿದೆ. ಅದನ್ನು ಕಳೆಯಿರಿ: ಹೆಚ್ಚು 2, ಕಡಿಮೆ 4, ಹೆಚ್ಚು 4, ಕಡಿಮೆ 2. ಬ್ಲಾಕಿನ ನಿಜವೂ ಗೊತ್ತಾಯಿತು, ಸಾಧನದ ತಪ್ಪೂ ಗೊತ್ತಾಯಿತು, ಎರಡೂ ಒಂದೇ ಕೆಲಸದಲ್ಲಿ. ಇಲ್ಲಿ ಒಂದು ಷರತ್ತು ಇದೆ, ಅದನ್ನು ಮರೆಯಬಾರದು. ಸಾಧನ ನಾಲ್ಕು ಸಲವೂ ಅಷ್ಟೇ ತಪ್ಪು ತೋರಿಸಬೇಕು. ಒಂದೇ ಸಮ ಇರುವ ಸಾಧನ ಇದ್ದರೆ ಮಾತ್ರ ಸರಿ ಯಾವುದು ಅಂತ ಹುಡುಕಲು ಸಾಧ್ಯ. ನನ್ನ ಪ್ರಕಾರ ಪ್ರಿಸಿಷನ್ನಿನ ನಿಜವಾದ ಬೆಲೆ ಇರುವುದು ಇಲ್ಲಿ. ಅದು ನಮ್ಮನ್ನು ಸರಿಯ ಹತ್ತಿರ ಕರೆದುಕೊಂಡು ಹೋಗುವ ದಾರಿ.

ಗೌಂಡಿಗಳು ರಸಮಟ್ಟವನ್ನು ತಿರುಗಿಸಿ ಇಟ್ಟು ನೋಡುವುದೂ ಇದೇ ಬುದ್ಧಿ. ಒಂದು ಸಲ ಇಟ್ಟು ಗುಳ್ಳೆ ಎಲ್ಲಿದೆ ನೋಡಿ, ಹಾಗೇ ಉಲ್ಟಾ ತಿರುಗಿಸಿ ಅದೇ ಜಾಗದಲ್ಲಿ ಇಡಿ. ನೆಲ ಓರೆ ಇದ್ದರೆ ಗುಳ್ಳೆ ಎರಡು ಸಲವೂ ನೆಲದ ಒಂದೇ ದಿಕ್ಕಿಗೆ ಹೋಗುತ್ತದೆ. ಮಟ್ಟವೇ ಕೆಟ್ಟಿದ್ದರೆ ಗುಳ್ಳೆ ಮಟ್ಟದ ಜೊತೆ ತಿರುಗುತ್ತದೆ. ಪುಣೆಯ ಸೈಟುಗಳಲ್ಲಿ ಕೆಲಸ ಮಾಡುವ ನಮ್ಮ ವಿಜಯಪುರ, ಕಲಬುರಗಿ ಕಡೆಯ ಜನಕ್ಕೆ ಇದನ್ನು ಯಾರೂ ಪುಸ್ತಕದಿಂದ ಕಲಿಸಿಲ್ಲ.

ಅವರ ಮೂರು ನಾಲ್ಕು ಐದರ ಲೆಕ್ಕವೂ ಹಾಗೇ. ಮೂಲೆಯಿಂದ ಒಂದು ಕಡೆ 3 ಅಡಿ, ಇನ್ನೊಂದು ಕಡೆ 4 ಅಡಿ ಗುರುತು ಹಾಕಿ, ಅಡ್ಡ ಅಳೆದಾಗ 5 ಅಡಿ ಬಂದರೆ ಕಾಟಕೋನ, ಅಂದರೆ ಲಂಬಕೋನ. ಕೋನವನ್ನು ಅಳೆಯದೆ ಕೋನ ಹಿಡಿಯುವುದು. ಅಡ್ಡ ಅಳತೆಯಲ್ಲಿ 5 ಮಿಮೀ ತಪ್ಪಿದರೆ ಮೂಲೆ 0.39 ಡಿಗ್ರಿ ತಪ್ಪುತ್ತದೆ. ಕೇಳಲು ಏನೂ ಅಲ್ಲ, ಆದರೆ ಹನ್ನೆರಡು ಅಡಿ ಗೋಡೆಯ ತುದಿಗೆ ಹೋಗುವಷ್ಟರಲ್ಲಿ ಅದು ಒಂದು ಇಂಚು. ಟೈಲ್ಸ್ ಕೂರಿಸುವಾಗ ಗೋಡೆ ಪಕ್ಕದ ಸಾಲು ಬೆಣೆಯಾಕಾರ ಆಗುವುದು ಇದಕ್ಕೇ. ಅದೇ ಲೆಕ್ಕವನ್ನು 6, 8, 10 ಅಡಿಗೆ ಮಾಡಿದರೆ ಅದೇ 5 ಮಿಮೀ ತಪ್ಪಿಗೆ ಮೂಲೆಯ ತಪ್ಪು ಅರ್ಧಕ್ಕೆ ಇಳಿಯುತ್ತದೆ. ಜಾಗ ಇದ್ದರೆ ದೊಡ್ಡ ತ್ರಿಕೋನವನ್ನೇ ಎಳೆಯಬೇಕು.

ದೊಡ್ಡ ತ್ರಿಕೋನ ಅಂದರೆ, ತ್ರಿಕೋನಗಳನ್ನು ಜೋಡಿಸುತ್ತಾ ಭಾರತವನ್ನು ಅಳೆಯಲು ಹೊರಟ ಬ್ರಿಟಿಷ್ ಅಧಿಕಾರಿ ವಿಲಿಯಂ ಲ್ಯಾಂಬ್ಟನ್ ನೆನಪಾಗುತ್ತಾನೆ. 1802ರಲ್ಲಿ ಮದ್ರಾಸಿನ ಸೇಂಟ್ ಥಾಮಸ್ ಮೌಂಟ್ ಹತ್ತಿರ ಮೊದಲ ಗೆರೆ ಅಳೆದು ಶುರು ಮಾಡಿದ ಸರ್ವೆ, ಬೆಂಗಳೂರಿನ ಮೇಲೆ ಹಾದು ಮಂಗಳೂರಿನ ಕಡಲತೀರ ಮುಟ್ಟಿತು. ದೂರದ ಗುರುತುಗಳ ನಡುವಿನ ಕೋನ ಅಳೆಯುವ ಅವನ ಥಿಯೋಡಲೈಟು ಅರ್ಧ ಟನ್ ತೂಕದ್ದು. 1808ರಲ್ಲಿ ತಂಜಾವೂರಿನ ದೊಡ್ಡ ಗುಡಿಯ ಗೋಪುರಕ್ಕೆ ಏರಿಸುವಾಗ ಹಗ್ಗ ಹರಿದು, ಸಾಧನ ಗೋಡೆಗೆ ಬಡಿದು, ಅದರ ವೃತ್ತವೇ ಸೊಟ್ಟಗಾಯಿತು. ಲ್ಯಾಂಬ್ಟನ್ ಕೂತು ಅದನ್ನು ಬಿಚ್ಚಿ, ತಟ್ಟಿ, ಎಳೆದು ಮತ್ತೆ ದುಂಡಗೆ ಮಾಡಿದ. ಪೆಟ್ಟು ತಿಂದ ವೃತ್ತದಿಂದ ಮತ್ತೆ ನಂಬುವ ಅಳತೆ ಬರಬಹುದೇ? ಇಂಥ ಕೆಲಸಕ್ಕೂ ಒಂದು ಸಾಕ್ಷಿ ಇದೆ. ತ್ರಿಕೋನದ ಮೂರೂ ಮೂಲೆ ಅಳೆದು ಕೂಡಿದರೆ 180 ಡಿಗ್ರಿ ಬರಬೇಕು, ಭೂಮಿ ದುಂಡಗಿರುವುದಕ್ಕೆ ಅದರ ಮೇಲೆ ಇಂತಿಷ್ಟು ಸೆಕೆಂಡ್ ಸೇರಿಸಬೇಕು. ಅದಕ್ಕಿಂತ ಬೇರೆ ಬಂದರೆ ಎಲ್ಲೋ ತಪ್ಪಿದೆ ಅಂತಲೇ ಅರ್ಥ.

ಅದೇ ಸರ್ವೆ ಮುಂದೆ ಹಿಮಾಲಯ ಮುಟ್ಟಿತು. ಸರ್ವೆಯ ಗಣಿತಜ್ಞ ರಾಧಾನಾಥ ಸಿಕದಾರ ಲೆಕ್ಕ ಹಾಕಿದ ಎವರೆಸ್ಟ್ ಶಿಖರದ ಎತ್ತರವನ್ನು 1856ರಲ್ಲಿ ಹೊರಗೆ ಹೇಳಿದಾಗ ಅದು 29,002 ಅಡಿ. ನಿಜವಾಗಿ ಬಂದದ್ದು ಸರಿಯಾಗಿ 29,000, ಆದರೆ ಜನ ಅಂದಾಜು ಅಂದುಕೊಂಡಾರು ಅಂತ ಎರಡು ಅಡಿ ಸೇರಿಸಿದರು ಅಂತ ಒಂದು ಕಥೆ ಇದೆ. ಕಥೆ ನಿಜವೋ ಅಲ್ಲವೋ, ಅದರ ಒಳಗಿನ ವಿಷಯ ಮಾತ್ರ ನಿಜ. ಕೊನೆಯಲ್ಲಿ ಸೊನ್ನೆ ಇಲ್ಲದ ಅಂಕೆ ನೋಡಿದರೆ ನಮಗೆ ಜಾಸ್ತಿ ನಂಬಿಕೆ ಬರುತ್ತದೆ. 2020ರಲ್ಲಿ ನೇಪಾಳ ಮತ್ತು ಚೀನಾ ಒಟ್ಟಾಗಿ ಹೇಳಿದ ಎತ್ತರ 8848.86 ಮೀಟರ್. ಹಳೆಯ ಅಂಕೆ ಮೀಟರಿನಲ್ಲಿ ಸುಮಾರು 8840. ಒಂದೊಂದು ಅಡಿ ಎಣಿಸಿದ ಹಾಗೆ ಬರೆದ ಸಂಖ್ಯೆ, ತಪ್ಪಿದ್ದು ಸುಮಾರು ಮೂವತ್ತು ಅಡಿ. ನೂರು ಮೈಲಿಗಿಂತ ದೂರದ ಬಯಲಿನಲ್ಲಿ ನಿಂತು, ಬಿಸಿ ತಂಪು ಗಾಳಿಯಲ್ಲಿ ಬಾಗಿ ಬರುವ ಬೆಳಕನ್ನು ನೋಡಿ ಅಳೆದವರು ಅವರು. ಅಷ್ಟು ದೂರಕ್ಕೆ ಒಂದು ಸೆಕೆಂಡ್ ಕೋನ ಅಂದರೇ ಸುಮಾರು 80 ಸೆಂಟಿಮೀಟರ್. ಮೂವತ್ತು ಅಡಿಗೆ ನಿಂತದ್ದು ದೊಡ್ಡ ಸಾಧನೆ. ಆದರೂ ಕೊನೆಯ ಆ "2" ನಮಗೆ ಏನನ್ನೂ ಹೇಳುತ್ತಿರಲಿಲ್ಲ.

ಇವತ್ತು ಇಂಥ ಅಂಕೆಗಳು ನಮ್ಮ ಜೇಬಿನಲ್ಲೇ ಇವೆ. ಫೋನಿನ ಮ್ಯಾಪ್ ಜಾಗವನ್ನು ಡಿಗ್ರಿಯ ಆರು ದಶಮಾಂಶದವರೆಗೆ ತೋರಿಸುತ್ತದೆ. ಆರನೇ ಅಂಕೆ ನೆಲದ ಮೇಲೆ 11 ಸೆಂಟಿಮೀಟರ್. ಫೋನಿನ ಜಿಪಿಎಸ್ ಬಯಲಿನಲ್ಲಿ ನಿಂತರೂ ಸಾಮಾನ್ಯವಾಗಿ ಐದು ಮೀಟರ್ ಆಚೀಚೆ. ಡಿಸ್‌ಪ್ಲೇ ಎಷ್ಟು ಸಣ್ಣ ಅಂಕೆ ತೋರಿಸುತ್ತದೆ ಅನ್ನುವುದು ಮೂರನೇ ವಿಷಯ, ಅದರ ಹೆಸರು ರೆಸಲ್ಯೂಷನ್. ಅದು ಒಂದೇ ಸಮವೂ ಅಲ್ಲ, ಸರಿಯೂ ಅಲ್ಲ. ನನ್ನ ಡಿಜಿಟಲ್ ಪ್ರೊಟ್ರಾಕ್ಟರ್ ಡಿಗ್ರಿಯ ನೂರನೇ ಪಾಲು ತೋರಿಸುತ್ತಿತ್ತು. ಕಾಕಾ ಬಳಸುತ್ತಿದ್ದ ಹಳೆಯ ವರ್ನಿಯರ್ ಪ್ರೊಟ್ರಾಕ್ಟರಿನ ಅತಿ ಚಿಕ್ಕ ಅಳತೆ 5 ಮಿನಿಟ್, ಅದು ನನ್ನದಕ್ಕಿಂತ ಎಂಟು ಪಟ್ಟು ಒರಟು. ಆದರೆ ಅದರ ಮೇಲೆ ಮಿನಿಟುಗಳನ್ನೇ ಬರೆದಿತ್ತು. ಅದರಲ್ಲಿ ಒಂದೇ ಒಂದು ಬೆಣೆ ಅಳೆದಿದ್ದರೂ ತಪ್ಪು ಸಿಕ್ಕಿಬಿಡುತ್ತಿತ್ತು.

ಸಣ್ಣ ಕೋನವನ್ನು ಬೇರ್ಪಡಿಸಿ ನೋಡುವುದು ಎಷ್ಟು ಕಷ್ಟ ಅಂತ ತಿಳಿಯಲು ಪುಣೆಯವರು ದೂರ ಹೋಗಬೇಕಿಲ್ಲ. ಚುರುಕು ಕಣ್ಣಿಗೆ ಒಂದು ಮಿನಿಟ್ ದೂರದ ಎರಡು ಚುಕ್ಕೆ ಬೇರೆ ಬೇರೆಯಾಗಿ ಕಾಣುತ್ತವೆ. ಹುಣ್ಣಿಮೆ ಚಂದ್ರನ ಅಗಲ ಅರ್ಧ ಡಿಗ್ರಿ. ನಾರಾಯಣಗಾವ್ ಹತ್ತಿರ ಖೋಡದದಲ್ಲಿ ಇರುವ ದೊಡ್ಡ ರೇಡಿಯೋ ದೂರದರ್ಶಕಕ್ಕೆ 45 ಮೀಟರ್ ಅಗಲದ 30 ತಟ್ಟೆಗಳು, ಅವನ್ನು 25 ಕಿಲೋಮೀಟರ್ ಹರಡಿ ಇಟ್ಟಿದ್ದಾರೆ. ಇಷ್ಟೆಲ್ಲ ಮಾಡಿದ ಮೇಲೆ 21 ಸೆಂಟಿಮೀಟರ್ ಅಲೆಯಲ್ಲಿ ಅದು ಬಿಡಿಸಿ ನೋಡುವುದು ಸುಮಾರು 2 ಸೆಕೆಂಡ್.

ಬೆಣೆಗಳ ಕಥೆಗೆ ಬರುತ್ತೇನೆ. ಲಾಟು ವಾಪಸ್ ಬಂದ ಸಂಜೆ ಕಾಕಾ ಸೈನ್ ಬಾರ್ ತೆಗೆದರು. ನೋಡಲು ಬಹಳ ಸರಳ ಸಾಧನ. ಒಂದು ಸ್ಟೀಲಿನ ಪಟ್ಟಿ, ಅಡಿಯಲ್ಲಿ ಎರಡು ಉರುಳೆ, ಉರುಳೆಗಳ ನಡುವೆ ಸರಿಯಾಗಿ 100 ಮಿಮೀ. ಒಂದು ಉರುಳೆ ಸರ್ಫೇಸ್ ಪ್ಲೇಟ್ ಅನ್ನುವ ಸಮತಟ್ಟಾದ ಹಲಗೆಯ ಮೇಲೆ, ಇನ್ನೊಂದರ ಅಡಿಗೆ ಸ್ಲಿಪ್ ಗೇಜ್, ಅಂದರೆ ದಪ್ಪ ಕರಾರುವಾಕ್ಕಾಗಿ ಗೊತ್ತಿರುವ ಬಿಲ್ಲೆಗಳು. ಎಷ್ಟು ಎತ್ತರ ಇಟ್ಟಿರೋ ಅದನ್ನು ನೂರರಿಂದ ಭಾಗಿಸಿದರೆ ಕೋನದ ಸೈನ್. ಕೋನದ ಪ್ರಶ್ನೆ ಉದ್ದದ ಪ್ರಶ್ನೆಯಾಗಿ ಬದಲಾಯಿತು. ಉದ್ದವನ್ನು ನಾವು ಮೈಕ್ರಾನಿನವರೆಗೆ ಹಿಡಿಯಬಲ್ಲೆವು. ಈ ಬಾರಿನಲ್ಲಿ ಚಿಕ್ಕ ಕೋನಕ್ಕೆ ಒಂದು ಮೈಕ್ರಾನ್ ತಪ್ಪಿದರೆ ಕೋನ 2 ಸೆಕೆಂಡ್ ತಪ್ಪುತ್ತದೆ ಅಷ್ಟೇ. ಕೋನ ಏರಿದ ಹಾಗೆ ಈ ತಪ್ಪು ಬೆಳೆಯುತ್ತದೆ, 45 ಡಿಗ್ರಿ ದಾಟಿದರೆ ಸೈನ್ ಬಾರನ್ನು ಯಾರೂ ನೆಚ್ಚಿಕೊಳ್ಳುವುದಿಲ್ಲ.

ಸೈನ್ 7.5 ಡಿಗ್ರಿ ಅಂದರೆ 0.130526. ಹಾಗಾಗಿ ಎತ್ತರ 13.0526 ಮಿಮೀ. ಕಾಕಾ ಪೆಟ್ಟಿಗೆಯಿಂದ ನಾಲ್ಕು ಗೇಜ್ ಆರಿಸಿದರು: 1.0005, 1.002, 1.05, 10. ಕೂಡಿದರೆ 13.0525. ಪೆಟ್ರೋಲಿನಲ್ಲಿ ಒರೆಸಿ, ಚಮೊಯಿಸ್ ಬಟ್ಟೆಯಲ್ಲಿ ಉಜ್ಜಿ, ಒಂದರ ಮೇಲೆ ಒಂದನ್ನು ಅಡ್ಡ ಇಟ್ಟು ಒತ್ತಿ ತಿರುಗಿಸಿದರು. ಚೆನ್ನಾಗಿ ತಿರುಗಿಸಿದರೆ ಎರಡು ಗೇಜ್ ಅಂಟು ಇಲ್ಲದೆ ಅಂಟಿಕೊಳ್ಳುತ್ತವೆ, ಮೇಲಿನದನ್ನು ಹಿಡಿದು ಎತ್ತಿದರೆ ಕೆಳಗಿನದೂ ಬರುತ್ತದೆ. ಅದನ್ನು ಅವತ್ತು ಮೊದಲ ಸಲ ಹತ್ತಿರದಿಂದ ನೋಡಿದೆ.

ಬಾರಿನ ಮೇಲೆ ಬೆಣೆ ಇಟ್ಟರು, ತೆಳ್ಳಗಿನ ತುದಿ ಮೇಲ್ಗಡೆ ಬರುವ ಹಾಗೆ. ಬೆಣೆ ಸರಿಯಾಗಿ 7°30′ ಇದ್ದರೆ ಅದರ ಮೇಲ್ಮೈ ಈಗ ಪ್ಲೇಟಿಗೆ ಸಮ ಇರಬೇಕು, ಮೇಲೆ ಡಯಲ್ (ಎತ್ತರದ ಸಣ್ಣ ವ್ಯತ್ಯಾಸವನ್ನು ಮುಳ್ಳಿನಿಂದ ತೋರಿಸುವ ಗೇಜ್) ಓಡಿಸಿದರೆ ಮುಳ್ಳು ಅಲುಗಬಾರದು. ದಪ್ಪ ತುದಿಯಲ್ಲಿ ಡಯಲ್ ಸೊನ್ನೆ ಮಾಡಿ ತೆಳ್ಳಗಿನ ತುದಿಗೆ ಎಳೆದರು. ಅರವತ್ತು ಮಿಲಿಮೀಟರ್ ದಾರಿ. ಮುಳ್ಳು ನಿಧಾನವಾಗಿ ಏರುತ್ತಾ ಹೋಗಿ 21ನೇ ಗೆರೆಯ ಮೇಲೆ ನಿಂತಿತು. 0.21 ಮಿಮೀ. ಹನ್ನೆರಡು ಮಿನಿಟ್ ಅಂದರೆ ಎಷ್ಟು ಅಂತ ನನಗೆ ಕಣ್ಣಾರೆ ಕಂಡದ್ದು ಆಗ.

ಎರಡನೇ ಬೆಣೆ ಇಟ್ಟರು, 21 ಗೆರೆ. ಮೂರನೆಯದು, 21. ಇನ್ನೊಂದು, 20ಕ್ಕಿಂತ ಚೂರು ಮೇಲೆ. ಹತ್ತು ನೋಡಿ ಕಾಕಾ ಡಯಲ್ ಕೆಳಗೆ ಇಟ್ಟರು. "ಛಲೋ ಆತು," ಅಂದರು. ನನಗೆ ಅರ್ಥ ಆಗಲಿಲ್ಲ. "ಒಂದೊಂದು ಒಂದೊಂದು ಥರ ತಪ್ಪಿದ್ರ ನಲವತ್ತು ಸಲ ಸೆಟ್ಟಿಂಗ್ ಮಾಡಬೇಕಾಗತಿತ್ತು. ಎಲ್ಲಾ ಒಂದ ಥರ ತಪ್ಪ್ಯಾವ. ಒಂದ ಸೆಟ್ಟಿಂಗ್ ಸಾಕು."

ಡ್ರಾಯಿಂಗಿನಲ್ಲಿ ಬೆಣೆಯ ದಪ್ಪವನ್ನು ದಪ್ಪ ತುದಿಯಿಂದ ಹಿಡಿದಿದ್ದರು. ಕೋನ ಕಡಿಮೆ ಆದದ್ದರಿಂದ ತೆಳ್ಳಗಿನ ತುದಿಯಲ್ಲಿ 0.21 ಮಿಮೀ ಲೋಹ ಜಾಸ್ತಿ ಉಳಿದಿತ್ತು, ಕಡಿಮೆ ಆಗಿರಲಿಲ್ಲ. ಗ್ರೈಂಡಿಂಗ್ ಮಷೀನಿನ ಮೇಲೆ ಮ್ಯಾಗ್ನೆಟಿಕ್ ಸೈನ್ ಟೇಬಲ್ ಇಟ್ಟು, ಅದರ ಅಳತೆಗೆ ತಕ್ಕ ಗೇಜ್ ಜೋಡಿಸಿ 7°30′ ಹಿಡಿದು, ಮೊದಲ ಬೆಣೆ ಕಚ್ಚಿಸಿದರು. ಕಲ್ಲು ಮೊದಲು ತೆಳ್ಳಗಿನ ತುದಿಯನ್ನು ಮಾತ್ರ ಮುಟ್ಟಿ ಕಿಡಿ ಹಾರಿಸಿತು. ಪ್ರತಿ ಪಾಸಿಗೂ ಕಿಡಿಯ ಸಾಲು ಸ್ವಲ್ಪ ಸ್ವಲ್ಪ ದಪ್ಪ ತುದಿಯ ಕಡೆ ಉದ್ದವಾಗುತ್ತಾ ಬಂತು. ಕೊನೆಗೆ ಇಡೀ ಅರವತ್ತು ಮಿಲಿಮೀಟರ್ ಒಟ್ಟಿಗೆ ಕಿಡಿ ಬಂದಾಗ ಕಾಕಾ ಕಲ್ಲನ್ನು ಎತ್ತಿದರು. ಸೈನ್ ಬಾರಿಗೆ ತಂದು ಡಯಲ್ ಓಡಿಸಿದೆವು. ಮುಳ್ಳು ಈ ತುದಿಯಿಂದ ಆ ತುದಿಗೆ ಅಲುಗಲಿಲ್ಲ.

ಉಳಿದ ಮೂವತ್ತೊಂಬತ್ತನ್ನು ನಾನೇ ಗ್ರೈಂಡ್ ಮಾಡಿದೆ, ಸೆಟ್ಟಿಂಗ್ ಮುಟ್ಟದೆ. ಮುಗಿಸುವಷ್ಟರಲ್ಲಿ ಬೆಳಗಿನ ಶಿಫ್ಟಿನವರು ಬಂದಿದ್ದರು. ಹೊಸ ರಿಪೋರ್ಟ್ ಬರೆಯುವಾಗ ಡ್ರಾಯಿಂಗಿನ 7°30′ ಪಕ್ಕದಲ್ಲಿ ಪೆನ್ಸಿಲಿನಿಂದ 7.50 ಅಂತ ಬರೆದು, ಸುತ್ತ ಒಂದು ಗೆರೆ ಎಳೆದು, ಆಮೇಲೆ ಅಳೆಯಲು ಶುರು ಮಾಡಿದೆ.